ಸಿಪಿಯು 0 ಮತ್ತು ಸಿಪಿಯು 32 ಬೇರೆ ಬೇರೆ ಅಲ್ವಾ? ಸಾಕೆಟ್, ಕೋರ್, ಥ್ರೆಡ್, ನ್ಯೂಮಾ ಬಿಡಿಸಿ ಹೇಳಿ

ತುದಿಬೆರಳು ಕೇಳಿದ್ದು:

ನಾಲ್ಕು ದಿನದಿಂದ ಒಂದೇ ಗಂಟು ಬಿಚ್ಚಲು ಕೂತಿದ್ದೇನೆ. ಗೊತ್ತಿರುವವರು ದಯವಿಟ್ಟು ಹೇಳಿಕೊಡಿ.

ನಾನು ಮೂಲತಃ ಪ್ರೋಗ್ರಾಮ್ ಬರೆಯುವವನು. ಹೋದ ತಿಂಗಳಿಂದ ತಂಡದ ದೊಡ್ಡ ಸರ್ವರ್ ನೋಡಿಕೊಳ್ಳುವ ಕೆಲಸವೂ ನನಗೇ ಬಂದಿದೆ. ಅದರ ವಿವರಪಟ್ಟಿಯಲ್ಲಿ "2 ಪ್ರೊಸೆಸರ್, ತಲಾ 16 ಕೋರ್, 256 ಜಿಬಿ ಮೆಮೊರಿ" ಎಂದಿದೆ. ಸಿಪಿಯುಗಳು ಎಷ್ಟು ದುಡಿಯುತ್ತಿವೆ ಎಂದು ತೋರಿಸುವ ಟಾಪ್ ತೆರೆದು 1 ಒತ್ತಿದರೆ ಮಾತ್ರ 64 ಸಿಪಿಯು ತೋರಿಸುತ್ತದೆ. ಪಟ್ಟಿಯಲ್ಲಿ 2, ಪರದೆಯ ಮೇಲೆ 64. ಎಲ್‌ಎಸ್‌ಸಿಪಿಯು ಎಂಬ ಲಿನಕ್ಸ್ ಆಜ್ಞೆ ಓಡಿಸಿದಾಗ ಬಂದದ್ದನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದೇನೆ:

ಸಿಪಿಯುಗಳು: 64
ಒಂದು ಕೋರಿಗೆ ಥ್ರೆಡ್: 2
ಒಂದು ಸಾಕೆಟ್ಟಿಗೆ ಕೋರ್: 16
ಸಾಕೆಟ್: 2
ನ್ಯೂಮಾ ನೋಡ್: 2
ನೋಡ್ 0ರ ಸಿಪಿಯುಗಳು: 0-15, 32-47
ನೋಡ್ 1ರ ಸಿಪಿಯುಗಳು: 16-31, 48-63

2 × 16 × 2 = 64, ಲೆಕ್ಕ ಸರಿ ಇದೆ. ಆದರೆ ಲೆಕ್ಕ ಅರ್ಥವಾದರೆ ಯಂತ್ರ ಅರ್ಥವಾದ ಹಾಗೆ ಅಲ್ಲ.

ನಮ್ಮಲ್ಲಿ ರಾತ್ರಿ ಓಡುವ ಎರಡು ಭಾರೀ ಲೆಕ್ಕದ ಕೆಲಸಗಳಿವೆ. ಎರಡೂ ಒಂಟಿ ಥ್ರೆಡ್‌ನ ಪ್ರೋಗ್ರಾಮ್‌ಗಳು. ಒಂದನ್ನೇ ಓಡಿಸಿದರೆ 20 ನಿಮಿಷ ಹಿಡಿಯುತ್ತದೆ. ಒಂದಕ್ಕೊಂದು ಅಡ್ಡ ಬರದಿರಲಿ, ಆದಷ್ಟು ದೂರ ಇರಲಿ ಅಂತ, ಪ್ರೋಗ್ರಾಮನ್ನು ಆರಿಸಿದ ಸಿಪಿಯುಗೆ ಕಟ್ಟುವ ಟಾಸ್ಕ್‌ಸೆಟ್ ಬಳಸಿ ಒಂದನ್ನು ಸಿಪಿಯು 0ಕ್ಕೆ, ಇನ್ನೊಂದನ್ನು ಸಿಪಿಯು 32ಕ್ಕೆ ಕಟ್ಟಿ ಹಾಕಿದೆ. ಎರಡೂ 33 ನಿಮಿಷ ತೆಗೆದುಕೊಂಡವು. ಆ ಹೊತ್ತಿನಲ್ಲಿ ಉಳಿದ 62 ಸಿಪಿಯುಗಳು ಸುಮ್ನೆ ಕೂತಿದ್ದವು. ಕಟ್ಟದೆ ಹಾಗೇ ಬಿಟ್ಟರೆ ಎರಡೂ 20 ನಿಮಿಷಕ್ಕೇ ಮುಗಿಯುತ್ತವೆ.

ನಾನು ಜಾಗ ಆರಿಸಿ ಕೊಟ್ಟದ್ದೇ ತಪ್ಪಾಯಿತಾ? ಸಾಕೆಟ್, ಕೋರ್, ಥ್ರೆಡ್, ನೋಡ್ ಎಂಬ ಈ ನಾಲ್ಕು ಪದಗಳಲ್ಲಿ ಯಾವುದನ್ನು "ಪ್ರೊಸೆಸರ್" ಎನ್ನಬೇಕು?

ಹಳೇ ಕನ್ಸೋಲ್:

ಮೊದಲು ನಿಮ್ಮ 33 ನಿಮಿಷದ ವಿಷಯ. ಸಿಪಿಯು 0 ಮತ್ತು ಸಿಪಿಯು 32 ದೂರದವಲ್ಲ. ಒಂದೇ ಕೋರಿನ ಎರಡು ಥ್ರೆಡ್‌ಗಳು. ಇದ್ದ 32 ಕೋರ್‌ಗಳಲ್ಲಿ ಎರಡೂ ಕೆಲಸವನ್ನು ಒಂದೇ ಕೋರಿನೊಳಗೆ ತುರುಕಿದಿರಿ. ನೀವು ಬರೆದಿಟ್ಟ ಪಟ್ಟಿಯಲ್ಲೇ ಇದರ ಸುಳಿವಿದೆ: ನೋಡ್ 0ರಲ್ಲಿ 0-15 ಆದಮೇಲೆ 32-47 ಬಂದಿದೆ. ನಿಮ್ಮ ಯಂತ್ರ ಮೊದಲು ಎರಡೂ ಸಾಕೆಟ್ಟಿನ ಎಲ್ಲ ಕೋರ್‌ಗಳಿಗೆ ಒಂದೊಂದು ನಂಬರ್ ಕೊಟ್ಟಿದೆ, 0ರಿಂದ 31. ಆಮೇಲೆ ಮತ್ತೆ ಮೊದಲಿಂದ ಶುರು ಮಾಡಿ ಅವೇ ಕೋರ್‌ಗಳ ಎರಡನೇ ಥ್ರೆಡ್‌ಗೆ 32ರಿಂದ 63 ಕೊಟ್ಟಿದೆ. ಹಾಗಾಗಿ 0ರ ಜೊತೆಗಾರ 32, 1ರ ಜೊತೆಗಾರ 33.

ನನ್ನ ಮಾತು ನಂಬಬೇಕಿಲ್ಲ, ಯಂತ್ರವನ್ನೇ ಕೇಳಿ. ಸಿಸ್ ಫೋಲ್ಡರಿನ ಒಳಗೆ ಪ್ರತಿ ಸಿಪಿಯುಗೂ ಟೊಪಾಲಜಿ ಅಂತ ಒಂದು ಫೋಲ್ಡರ್ ಇದೆ. ಅದರಲ್ಲಿ "ಥ್ರೆಡ್ ಸಿಬ್ಲಿಂಗ್ಸ್ ಲಿಸ್ಟ್" ಎಂಬ ಫೈಲ್ ಇರುತ್ತದೆ. ಸಿಪಿಯು 0ರ ಫೈಲ್ ತೆರೆದರೆ "0,32" ಎಂದು ಕಾಣಬೇಕು.

ಈಗ ಪದಗಳು. ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡ ದಾರಿ ಒಂದೇ: ಯಾವ ಪದ ಬಂದರೂ "ಇಲ್ಲಿ ಯಾರು ಏನನ್ನು ಹಂಚಿಕೊಳ್ಳುತ್ತಿದ್ದಾರೆ?" ಎಂದು ಕೇಳಿ.

ಸಾಕೆಟ್ ಎಂದರೆ ಬೋರ್ಡಿನ ಮೇಲೆ ಚಿಪ್ ಕೂರುವ ಜಾಗ. ಕೈಯಲ್ಲಿ ಹಿಡಿಯಬಹುದಾದ ವಸ್ತು ಇದೊಂದೇ. ವಿವರಪಟ್ಟಿಯಲ್ಲಿ "2 ಪ್ರೊಸೆಸರ್" ಎಂದಿದ್ದರೆ ಎರಡು ಸಾಕೆಟ್‌ನಲ್ಲಿ ಎರಡು ಚಿಪ್ ಎಂದರ್ಥ. ಇದನ್ನೇ ಡ್ಯುಯಲ್ ಸಾಕೆಟ್, ಟೂ ವೇ, 2ಪಿ ಎಂದೂ ಕರೆಯುತ್ತಾರೆ. ಕೋರ್ ಎಂದರೆ ಆ ಚಿಪ್ಪಿನೊಳಗೆ ಸ್ವಂತವಾಗಿ ಲೆಕ್ಕ ಮಾಡಬಲ್ಲ ಪೂರ್ತಿ ಘಟಕ. ಕೂಡುವ, ಗುಣಿಸುವ ಭಾಗಗಳು ಪ್ರತಿ ಕೋರಿಗೂ ಸ್ವಂತ. ಎಲ್1, ಎಲ್2 ಕ್ಯಾಶ್ (ಚಿಪ್ಪಿನೊಳಗೇ ಇರುವ ಸಣ್ಣ, ವೇಗದ ಮೆಮೊರಿ) ಸಾಮಾನ್ಯವಾಗಿ ಸ್ವಂತ. ಎಲ್3 ಕ್ಯಾಶ್ ಮತ್ತು ಮೆಮೊರಿಗೆ ಹೋಗುವ ದಾರಿ ಮಾತ್ರ ಅಕ್ಕಪಕ್ಕದ ಕೋರ್‌ಗಳ ಜೊತೆ ಹಂಚಿಕೆ.

ಥ್ರೆಡ್ ಅನ್ನುವುದು ಇನ್ನೂ ಒಳಗಿನದು. ಒಂದೇ ಹೊಲಿಗೆ ಯಂತ್ರಕ್ಕೆ ಇಬ್ಬರು ದರ್ಜಿಗಳಿದ್ದಾರೆ ಎಂದುಕೊಳ್ಳಿ. ಒಬ್ಬ ಅಳತೆ ತೆಗೆಯುವಾಗ ಇನ್ನೊಬ್ಬ ಹೊಲಿಯುತ್ತಾನೆ. ಯಂತ್ರ ಖಾಲಿ ಕೂರುವ ಹೊತ್ತು ಕಡಿಮೆಯಾಗುತ್ತದೆ, ಒಟ್ಟು ಕೆಲಸ ಜಾಸ್ತಿ ಸಾಗುತ್ತದೆ. ಆದರೆ ಇಬ್ಬರಿಗೂ ಬರೀ ಹೊಲಿಗೆಯೇ ಇದ್ದರೆ ಒಬ್ಬರಿಗೊಬ್ಬರು ಕಾಯಲೇಬೇಕು. ಪ್ರತಿ ಥ್ರೆಡ್‌ಗೂ ಸ್ವಂತ ರಿಜಿಸ್ಟರ್‌ಗಳು, ಅಂದರೆ ಲೆಕ್ಕದ ನಡುವಿನ ಅಂಕಿ ಇಟ್ಟುಕೊಳ್ಳುವ ಪುಟ್ಟ ಜಾಗಗಳು, ಇರುತ್ತವೆ, ಅದಕ್ಕೇ ಆಪರೇಟಿಂಗ್ ಸಿಸ್ಟಮ್ ಅದನ್ನು ಒಂದು ಸಿಪಿಯು ಎಂದು ಎಣಿಸುತ್ತದೆ. ಲೆಕ್ಕ ಮಾಡುವ ಭಾಗಗಳು ಮತ್ತು ಕ್ಯಾಶ್ ಮಾತ್ರ ಇಬ್ಬರಿಗೂ ಒಂದೇ. ಇದರ ಸಾಮಾನ್ಯ ಹೆಸರು ಎಸ್‌ಎಂಟಿ. ಇಂಟೆಲ್ ಇಟ್ಟ ಹೆಸರು ಹೈಪರ್‌ ಥ್ರೆಡಿಂಗ್, ಅವರ ಜಿಯಾನ್ ಚಿಪ್‌ಗಳಿಗೆ ಅದು 2002ರಲ್ಲಿ ಬಂತು. ಎರಡೇ ಇರಬೇಕೆಂದೇನಿಲ್ಲ. ಐಬಿಎಂನ ಪವರ್8ರಲ್ಲಿ ಒಂದು ಕೋರಿಗೆ ಎಂಟು ಥ್ರೆಡ್‌ವರೆಗೆ ಇವೆ.

ನಿಮ್ಮ ಅಂಕಿಯಲ್ಲೇ ಇದು ಕಾಣುತ್ತದೆ. ಒಂದಾದಮೇಲೆ ಒಂದು ಓಡಿಸಿದ್ದರೆ 40 ನಿಮಿಷ ಆಗುತ್ತಿತ್ತು, ಒಂದೇ ಕೋರಿನಲ್ಲಿ ಒಟ್ಟಿಗೆ ಓಡಿಸಿದಾಗ 33 ಆಯಿತು. ಅಂದರೆ ಎರಡನೇ ಥ್ರೆಡ್‌ನಿಂದ ಸಿಕ್ಕಿದ ಲಾಭ ಐದನೇ ಒಂದು ಭಾಗ. ಇದು ಎಸ್‌ಎಂಟಿಯಿಂದ ಮಾಮೂಲಿಯಾಗಿ ಸಿಗುವಷ್ಟೇ. ದುಪ್ಪಟ್ಟು ಯಾವತ್ತೂ ಸಿಗುವುದಿಲ್ಲ.

ಇದರಿಂದಲೇ ಹುಟ್ಟುವ ಒಂದು ಮೋಸ ಹೇಳುತ್ತೇನೆ, ಚೆನ್ನಾಗಿ ನೆನಪಿಡಿ. 32 ಕೋರ್‌ಗಳಲ್ಲೂ ಒಂದೊಂದು ಥ್ರೆಡ್ ಪೂರ್ತಿ ದುಡಿಯುತ್ತಿದ್ದರೆ ನಿಮ್ಮ ಮಾನಿಟರ್ 50% ತೋರಿಸುತ್ತದೆ. ನೋಡಿದವರು "ಇನ್ನೂ ಅರ್ಧ ಬಾಕಿ ಇದೆ" ಎಂದು ಇನ್ನಷ್ಟು ಕೆಲಸ ಹೇರುತ್ತಾರೆ. ಬಾಕಿ ಇರುವುದು ಅರ್ಧವಲ್ಲ, ಆ ಐದನೇ ಒಂದು ಭಾಗದಷ್ಟು ಮಾತ್ರ. ಸಂಜೆ 50% ಇದ್ದ ಸರ್ವರ್ ರಾತ್ರಿ 65%ಗೆ ಏದುಸಿರು ಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಡಿಸ್ಕ್ ಸರಿಯಿಲ್ಲ, ನೆಟ್‌ವರ್ಕ್ ಸರಿಯಿಲ್ಲ ಎಂದು ಹುಡುಕಾಟ ಶುರುವಾಗುತ್ತದೆ.

ನೀವು ಪ್ರೋಗ್ರಾಮ್ ಬರೆಯುವವರಾದ್ದರಿಂದ ಇನ್ನೊಂದು ಮಾತು. ಥ್ರೆಡ್ ಎಂಬ ಪದಕ್ಕೆ ಎರಡು ಅರ್ಥ. ನಿಮ್ಮ ಪ್ರೋಗ್ರಾಮಿನೊಳಗೆ ನೀವು ಹುಟ್ಟಿಸುವ ಥ್ರೆಡ್ ಸಾಫ್ಟ್‌ವೇರಿನದು, ಸಾವಿರ ಬೇಕಾದರೂ ಹುಟ್ಟಿಸಬಹುದು. ಎಲ್‌ಎಸ್‌ಸಿಪಿಯು ತೋರಿಸುವುದು ಹಾರ್ಡ್‌ವೇರಿನದು, ನಿಮ್ಮಲ್ಲಿ ಇರುವುದೇ 64. ಮೊದಲನೆಯದು ಕೆಲಸ, ಎರಡನೆಯದು ಆ ಕೆಲಸ ಕೂರುವ ಜಾಗ.

"ಪ್ರೊಸೆಸರ್ ಯಾವುದು?" ಎಂಬುದಕ್ಕೆ ಒಂದೇ ಉತ್ತರ ಇಲ್ಲ, ಕಾಲಕ್ಕೆ ತಕ್ಕ ಹಾಗೆ ಅರ್ಥ ಜರುಗಿದೆ. 1995ರಲ್ಲಿ ಬಂದ ಪೆಂಟಿಯಂ ಪ್ರೊ ಚಿಪ್ಪನ್ನು ಒಂದೇ ಬೋರ್ಡಿನಲ್ಲಿ ನಾಲ್ಕು ಕೂರಿಸಬಹುದಿತ್ತು. ಆಗ ಪ್ರೊಸೆಸರ್, ಚಿಪ್, ಸಿಪಿಯು ಎಲ್ಲ ಒಂದೇ. 2001ರಲ್ಲಿ ಐಬಿಎಂನ ಪವರ್4 ಒಂದೇ ಚಿಪ್ಪಿನಲ್ಲಿ ಎರಡು ಕೋರ್ ತಂತು. 2005ರಲ್ಲಿ ಇಂಟೆಲ್, ಎಎಂಡಿ ಎರಡರದ್ದೂ ಡ್ಯುಯಲ್ ಕೋರ್ ಬಂದವು. ಯಂತ್ರ ಮಾರುವವರು ಚಿಪ್ಪನ್ನು ಪ್ರೊಸೆಸರ್ ಎನ್ನುತ್ತಾ ಉಳಿದರು, ಲಿನಕ್ಸ್ ಥ್ರೆಡ್ಡನ್ನು ಸಿಪಿಯು ಎನ್ನತೊಡಗಿತು, ಎಷ್ಟೋ ಸಾಫ್ಟ್‌ವೇರ್ ಲೈಸೆನ್ಸ್‌ಗಳು ಕೋರ್ ಎಣಿಸತೊಡಗಿದವು. ನಿಮ್ಮ ಒಂದೇ ಯಂತ್ರ ಒಬ್ಬರಿಗೆ 2, ಒಬ್ಬರಿಗೆ 32, ಇನ್ನೊಬ್ಬರಿಗೆ 64. ಹಾಗಾಗಿ ಯಾರಾದರೂ "ಎಷ್ಟು ಪ್ರೊಸೆಸರ್?" ಎಂದರೆ "ನೀವು ಎಣಿಸುವುದು ಯಾವುದನ್ನು?" ಎಂದು ತಿರುಗಿ ಕೇಳುವುದೇ ಸರಿ.

ನೀಲಿ ಕೇಬಲ್:

ಮೇಲಿನವರು ಹೇಳಿದ್ದಕ್ಕೆ ಹಾರ್ಡ್‌ವೇರ್ ಕಡೆಯಿಂದ ಒಂದು ಸೇರಿಸುತ್ತೇನೆ. ಸಾಕೆಟ್ ಎಂದರೆ ಬರೀ ಚಿಪ್ ಕೂರುವ ಜಾಗ ಅಲ್ಲ. ಅದರ ಅಕ್ಕಪಕ್ಕದ ಮೆಮೊರಿ ಸ್ಲಾಟ್‌ಗಳು, ನೆಟ್‌ವರ್ಕ್ ಕಾರ್ಡ್‌ನಂಥವು ಕೂರುವ ಪಿಸಿಐ ಸ್ಲಾಟ್‌ಗಳಲ್ಲಿ ಕೆಲವು, ಇವೆಲ್ಲ ಆ ಸಾಕೆಟ್ಟಿಗೇ ಸೇರಿದವು.

ಇದನ್ನು ನಾನು ಕಲಿತದ್ದು ಕೈಯಾರೆ. ಎರಡು ಸಾಕೆಟ್‌ನ ಒಂದು ಸರ್ವರಿನಿಂದ ಕೆಟ್ಟುಹೋದ ಎರಡನೇ ಚಿಪ್ಪನ್ನು ತೆಗೆದು, ಮುಚ್ಚಳ ಹಾಕಿ, ಮತ್ತೆ ಆನ್ ಮಾಡಿದೆ. ಯಂತ್ರ ಎದ್ದಿತು. ಮೆಮೊರಿ ಅರ್ಧ ಮಾಯ, ನೆಟ್‌ವರ್ಕ್ ಕಾರ್ಡೂ ಇಲ್ಲ! ಕಾರ್ಡ್ ಹಾಳಾಯಿತೆಂದು ತಿಳಿದು ಬೇರೆ ಕಾರ್ಡ್ ತಂದು ಅದೇ ಸ್ಲಾಟಿಗೆ ಹಾಕಿದೆ, ಅದೂ ಕಾಣಲಿಲ್ಲ. ಎರಡು ಗಂಟೆ ಆದಮೇಲೆ ಮುಚ್ಚಳದ ಒಳಗೆ ಅಂಟಿಸಿದ್ದ ನಕ್ಷೆ ಕಣ್ಣಿಗೆ ಬಿತ್ತು. ಆ ಸ್ಲಾಟಿನ ಪಕ್ಕ ಸಣ್ಣ ಅಕ್ಷರದಲ್ಲಿ "ಸಿಪಿಯು 2" ಎಂದಿತ್ತು. ಚಿಪ್ ಇಲ್ಲದ ಮೇಲೆ ಆ ಸ್ಲಾಟಿನ ತಂತಿಗಳು ಎಲ್ಲಿಗೂ ಹೋಗುವುದಿಲ್ಲ. ಕಾರ್ಡನ್ನು ಮೊದಲ ಚಿಪ್ಪಿನ ಸ್ಲಾಟಿಗೆ ಬದಲಿಸಿದೆ, ತಕ್ಷಣ ಬಂತು.

ಇನ್ನೊಂದು ಸಣ್ಣ ವಿಷಯ. ವಿವರಪಟ್ಟಿಯಲ್ಲಿ "2ಯು" ಎಂದಿದ್ದರೆ ಅದು ಪ್ರೊಸೆಸರ್ ಸಂಖ್ಯೆ ಅಲ್ಲ, ರ್‍ಯಾಕಿನಲ್ಲಿ ಹಿಡಿಯುವ ಎತ್ತರ. 1ಯು ಎಂದರೆ 44.45 ಮಿಲಿಮೀಟರ್. ಹೊಸಬರು ಇದನ್ನು 2ಪಿ ಜೊತೆ ಕಲಸಿಕೊಳ್ಳುವುದು ತುಂಬಾ ಸಾಮಾನ್ಯ.

ತುದಿಬೆರಳು:

ಇಬ್ಬರಿಗೂ ತುಂಬಾ ಧನ್ಯವಾದ. ಆ ಫೈಲ್ ತೆರೆದೆ. ಹೌದು, "0,32" ಎಂದೇ ಇದೆ. ಎರಡನೇ ಕೆಲಸವನ್ನು 32ರಿಂದ ತೆಗೆದು 1ಕ್ಕೆ ಕಟ್ಟಿದೆ, ಎರಡೂ 21 ನಿಮಿಷ. 16ಕ್ಕೆ ಕಟ್ಟಿದರೆ ಎರಡೂ 20.

ಇನ್ನೊಂದು ಪ್ರಶ್ನೆ ಉಳಿಯಿತು. ಸಾಕೆಟ್ ಎರಡು, ನ್ಯೂಮಾ ನೋಡ್ ಎರಡು. ಎರಡೂ ಒಂದೇ ಆಗಿದ್ದರೆ ಎರಡು ಹೆಸರು ಯಾಕೆ? ನ್ಯೂಮಾಸಿಟಿಎಲ್ ಆಜ್ಞೆಯಿಂದ ಹಾರ್ಡ್‌ವೇರ್ ಪಟ್ಟಿ ಕೇಳಿದರೆ ಕೊನೆಯಲ್ಲಿ "ದೂರ" ಅಂತ ಒಂದು ಚೌಕ ಬರುತ್ತದೆ. ತನ್ನಿಂದ ತನಗೆ 10, ಪಕ್ಕದ್ದಕ್ಕೆ 21. ಇದು ಯಾವ ಅಳತೆ? ಮತ್ತೆ ಆಪರೇಟಿಂಗ್ ಸಿಸ್ಟಮಿನ ವಿವರ ಹೇಳುವ ಯುನೇಮ್ ಆಜ್ಞೆ ಕೊಟ್ಟರೆ ಆ ಉದ್ದ ಸಾಲಿನ ಮಧ್ಯೆ "ಎಸ್‌ಎಂಪಿ" ಅಂತ ಬರುತ್ತದೆ, ಅದೇನು?

ಹಳೇ ಕನ್ಸೋಲ್:

ಎಸ್‌ಎಂಪಿಯಿಂದ ಶುರು ಮಾಡುತ್ತೇನೆ, ನ್ಯೂಮಾ ಅದರ ಮುಂದಿನ ಕಥೆ. ಒಂದೇ ಮೆಮೊರಿ, ಒಂದೇ ಆಪರೇಟಿಂಗ್ ಸಿಸ್ಟಮ್, ಹಲವು ಪ್ರೊಸೆಸರ್, ಎಲ್ಲರಿಗೂ ಸಮಾನ ಹಕ್ಕು. ಇದು ಎಸ್‌ಎಂಪಿ. ಲಿನಕ್ಸಿಗೆ ಇದು ಬಂದದ್ದು 1996ರ 2.0 ಆವೃತ್ತಿಯಲ್ಲಿ. ಆಗ ಕರ್ನಲ್ಲಿಗೆಲ್ಲ, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳಿಗೆಲ್ಲ, ಸೇರಿ ಒಂದೇ ಬೀಗ. ಒಬ್ಬ ಒಳಗೆ ಹೋದರೆ ಉಳಿದವರು ಹೊರಗೆ ಕಾಯಬೇಕಿತ್ತು. ಆ ದೊಡ್ಡ ಬೀಗವನ್ನು ಸಣ್ಣ ಸಣ್ಣ ಬೀಗಗಳಾಗಿ ಒಡೆಯುತ್ತಾ ಹೋಗಿ, ಪೂರ್ತಿ ಕಿತ್ತದ್ದು 2011ರಲ್ಲಿ. ನಿಮ್ಮ ಯುನೇಮ್ ಸಾಲಿನ ಎಸ್‌ಎಂಪಿ ಹೇಳುವುದು ಇಷ್ಟೇ: ಈ ಕರ್ನಲ್ ಒಂದಕ್ಕಿಂತ ಹೆಚ್ಚು ಸಿಪಿಯು ನಿಭಾಯಿಸುವಂತೆ ಕಟ್ಟಿದ್ದು.

ಹಳೇ ಯಂತ್ರಗಳಲ್ಲಿ ಮೆಮೊರಿ ಕಂಟ್ರೋಲರ್ ಪ್ರೊಸೆಸರಿನ ಹೊರಗಿತ್ತು. ಎಲ್ಲ ಚಿಪ್‌ಗಳೂ ಒಂದೇ ದಾರಿಯಲ್ಲಿ ಸಾಲು ನಿಂತು ಮೆಮೊರಿಗೆ ಹೋಗುತ್ತಿದ್ದವು. ಎಲ್ಲರಿಗೂ ದೂರ ಒಂದೇ, ನೂಕುನುಗ್ಗಲೂ ಒಂದೇ. 2003ರಲ್ಲಿ ಎಎಂಡಿಯ ಆಪ್ಟೆರಾನ್ ಕಂಟ್ರೋಲರನ್ನು ಚಿಪ್ಪಿನೊಳಗೇ ತಂತು. ಇಂಟೆಲ್ಲಿನ ಎರಡು ಸಾಕೆಟ್ ಸರ್ವರ್‌ಗಳಲ್ಲಿ ಅದು ಬಂದದ್ದು 2009ರ ಜಿಯಾನ್ 5500 ಸಾಲಿನಲ್ಲಿ. ಅಲ್ಲಿಂದ ಪ್ರತಿ ಚಿಪ್ಪಿಗೂ ತನ್ನದೇ ಮೆಮೊರಿ. ನಿಮ್ಮ 256 ಜಿಬಿ ಒಂದೇ ರಾಶಿಯಲ್ಲ, ತಲಾ 128ರ ಎರಡು ರಾಶಿ ಇರಬೇಕು. ಪಕ್ಕದ ರಾಶಿಯಿಂದ ಏನಾದರೂ ಬೇಕಾದರೆ ಚಿಪ್‌ಗಳ ನಡುವಿನ ಸೇತುವೆ ದಾಟಿ ತರಬೇಕು. ಸಿಗುತ್ತದೆ, ಆದರೆ ತಡವಾಗಿ. ಒಂದು ರಾಶಿ ಮೆಮೊರಿ, ಅದಕ್ಕೆ ಹತ್ತಿರದ ಕೋರ್‌ಗಳು, ಇವೆರಡೂ ಸೇರಿ ಒಂದು ನ್ಯೂಮಾ ನೋಡ್.

ಹೆಸರು ಎರಡು ಯಾಕೆಂದರೆ ಎಲ್ಲ ಕಡೆ ಲೆಕ್ಕ ಒಂದೇ ಬರುವುದಿಲ್ಲ. 2017ರಲ್ಲಿ ಬಂದ ಎಎಂಡಿಯ ಮೊದಲ ಪೀಳಿಗೆಯ ಎಪಿಕ್ ಚಿಪ್ಪಿನ ಒಂದೇ ಪೊಟ್ಟಣದೊಳಗೆ ನಾಲ್ಕು ತುಂಡು ಸಿಲಿಕಾನ್ ಇದ್ದವು. ಪ್ರತಿ ತುಂಡಿಗೂ ಸ್ವಂತ ಮೆಮೊರಿ ಚಾನೆಲ್. ಅಂದರೆ ಸಾಕೆಟ್ ಒಂದು, ನೋಡ್ ನಾಲ್ಕು. 2019ರ ಎರಡನೇ ಪೀಳಿಗೆಯಲ್ಲಿ ಮೆಮೊರಿ ಕಂಟ್ರೋಲರ್‌ಗಳೆಲ್ಲ ನಡುವಿನ ಒಂದು ತುಂಡಿಗೆ ಹೋದವು. ಅಲ್ಲಿ ಸಾಕೆಟ್ಟಿಗೆ ಒಂದು ನೋಡಾ, ಎರಡಾ, ನಾಲ್ಕಾ ಎಂಬುದನ್ನು ಬಯೋಸ್‌ನಲ್ಲಿ (ಯಂತ್ರ ಆನ್ ಆಗುವಾಗಿನ ಸೆಟ್ಟಿಂಗ್) ನಾವೇ ಆರಿಸಬಹುದು.

10 ಮತ್ತು 21 ಯಾರೋ ಅಳೆದು ಹೇಳಿದ್ದಲ್ಲ. ಯಂತ್ರದೊಳಗೇ ಬರುವ ಫರ್ಮ್‌ವೇರ್ ಎಂಬ ಮೂಲ ಸಾಫ್ಟ್‌ವೇರ್ ಕರ್ನಲ್ಲಿಗೆ ಕೊಡುವ ಕೋಷ್ಟಕ. ಹತ್ತಿರದ್ದನ್ನು 10 ಎಂದು ಹಿಡಿದು ಉಳಿದದ್ದನ್ನು ಅದಕ್ಕೆ ಹೋಲಿಸಿ ಬರೆದಿರುತ್ತಾರೆ. 21 ಕಂಡ ಮಾತ್ರಕ್ಕೆ ನಿಮ್ಮ ಕೆಲಸ ದುಪ್ಪಟ್ಟು ನಿಧಾನವಾಗುವುದಿಲ್ಲ. ನಿಜ ಬೇಕಿದ್ದರೆ ನೀವೇ ಅಳೆಯಿರಿ. ಅದೇ ಕೆಲಸವನ್ನು ನ್ಯೂಮಾಸಿಟಿಎಲ್ ಬಳಸಿ ಎರಡು ಸಲ ಓಡಿಸಿ. ಒಮ್ಮೆ ಸಿಪಿಯು, ಮೆಮೊರಿ ಎರಡೂ ನೋಡ್ 0ರಲ್ಲಿ. ಇನ್ನೊಮ್ಮೆ ಸಿಪಿಯು ನೋಡ್ 0ರಲ್ಲಿ, ಮೆಮೊರಿ ನೋಡ್ 1ರಲ್ಲಿ.

ಕ್ವೆರಿ:

ಡೇಟಾಬೇಸ್ ನೋಡಿಕೊಳ್ಳುವವಳಾಗಿ ನನ್ನ ಒಂದು ಅನುಭವ ಹೇಳಲೇಬೇಕು. ನಿಮ್ಮಂಥದ್ದೇ ಯಂತ್ರ, ಎರಡು ಸಾಕೆಟ್, ಕರ್ನಲ್ ಮಾತ್ರ ಹಳೆಯದು. ಒಟ್ಟು ಮೆಮೊರಿ 128 ಜಿಬಿ, ಡೇಟಾಬೇಸಿಗೆ 90 ಜಿಬಿಯ ಬಫರ್ (ಡೇಟಾ ಇಟ್ಟುಕೊಳ್ಳಲು ಮೆಮೊರಿಯಲ್ಲಿ ಮೀಸಲು ಜಾಗ) ಕೊಟ್ಟಿದ್ದೆವು. ಫ್ರೀ ಆಜ್ಞೆ ಕೊಟ್ಟರೆ 25 ಜಿಬಿಗೂ ಜಾಸ್ತಿ ಖಾಲಿ ಕಾಣುತ್ತಿತ್ತು. ಆದರೂ ಯಂತ್ರ ಸ್ವಾಪ್‌ಗೆ, ಅಂದರೆ ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗಕ್ಕೆ, ಬರೆಯುತ್ತಿತ್ತು! ಇಡೀ ವಾರ ನಾವು ಸ್ವಾಪ್ ಸೆಟ್ಟಿಂಗ್‌ಗಳನ್ನೇ ತಿರುವುತ್ತಾ ಕಳೆದೆವು.

ಕೊನೆಗೆ ಒಟ್ಟು ಲೆಕ್ಕ ಬಿಟ್ಟು ನೋಡ್ ಲೆಕ್ಕ ನೋಡಿದೆವು. ನೋಡ್ 0ರಲ್ಲಿ ಖಾಲಿ ಇದ್ದದ್ದು ಕೆಲವೇ ನೂರು ಎಂಬಿ. ಖಾಲಿ ಇದ್ದದ್ದೆಲ್ಲ ನೋಡ್ 1ರಲ್ಲಿ. ಕಾರಣ ಇಷ್ಟು: ಮೆಮೊರಿಯ ಒಂದು ಪುಟವನ್ನು ಯಾರು ಮೊದಲು ಮುಟ್ಟುತ್ತಾರೋ ಅವರ ನೋಡಿನಲ್ಲೇ ಜಾಗ ಕೊಡುವುದು ಲಿನಕ್ಸಿನ ಪದ್ಧತಿ. ನಮ್ಮ ಬಫರನ್ನು ಶುರುವಿನಲ್ಲಿ ಒಂದೇ ಥ್ರೆಡ್ ಮುಟ್ಟಿ ತುಂಬಿತ್ತು. ಅದು ಕೂತಿದ್ದ ನೋಡ್ ಮೊದಲು ತುಂಬಿತು, ಉಳಿದದ್ದು ಪಕ್ಕಕ್ಕೆ ಚೆಲ್ಲಿತು. ಆಮೇಲೆ ನೋಡ್ 0ಕ್ಕೆ ಹೊಸ ಪುಟ ಬೇಕಾದಾಗ, ಪಕ್ಕದ ಖಾಲಿ ಜಾಗ ಬಳಸುವ ಬದಲು ಕರ್ನಲ್ ಇಲ್ಲೇ ಇದ್ದ ಪುಟಗಳನ್ನು ಸ್ವಾಪಿಗೆ ತಳ್ಳುತ್ತಿತ್ತು. ಹಾಗೆ ಮಾಡಿಸುವ ಝೋನ್ ರಿಕ್ಲೇಮ್ ಎಂಬ ಸೆಟ್ಟಿಂಗ್ ನಮ್ಮಲ್ಲಿ ಆನ್ ಆಗಿತ್ತು. ಅದನ್ನು 0 ಮಾಡಿದೆವು. ಡೇಟಾಬೇಸನ್ನು ನ್ಯೂಮಾಸಿಟಿಎಲ್‌ನ ಇಂಟರ್‌ಲೀವ್ ಆಯ್ಕೆಯಿಂದ ಶುರು ಮಾಡಿದೆವು. ಅದು ಪುಟಗಳನ್ನು ಒಂದು ಅಲ್ಲಿ, ಒಂದು ಇಲ್ಲಿ ಎಂದು ಸಮನಾಗಿ ಹಂಚುತ್ತದೆ. ಆ ರಾತ್ರಿಯೇ ಸ್ವಾಪ್ ನಿಂತಿತು. ಮೈಎಸ್‌ಕ್ಯೂಎಲ್‌ನಲ್ಲಿ ಈಗ ಇದಕ್ಕೇ ಒಂದು ಸೆಟ್ಟಿಂಗ್ ಇದೆ.

ಹಂಚಿದರೆ ಅರ್ಧ ಮೆಮೊರಿ ಯಾವಾಗಲೂ ದೂರದ್ದೇ ಆಗುತ್ತದೆ, ನಿಜ. ಆದರೆ ಎರಡೂ ಚಿಪ್ಪಿನಲ್ಲಿ ಹರಡಿಕೊಂಡು ಓಡುವ ದೊಡ್ಡ ಡೇಟಾಬೇಸಿಗೆ ಸ್ವಲ್ಪ ದೂರವೇ ವಾಸಿ, ಸ್ವಾಪ್ ಬೇಡವೇ ಬೇಡ. ನಿಮ್ಮ ರಾತ್ರಿ ಕೆಲಸಗಳಂಥ ಸಣ್ಣವಕ್ಕೆ ಮಾತ್ರ ಒಂದೇ ನೋಡಿಗೆ ಕಟ್ಟುವುದು ಒಳ್ಳೆಯದು.

ತುದಿಬೆರಳು:

ಅಳೆದೆ. ಸಿಪಿಯು, ಮೆಮೊರಿ ಎರಡೂ ನೋಡ್ 0ರಲ್ಲಿದ್ದಾಗ 20 ನಿಮಿಷ. ಮೆಮೊರಿ ನೋಡ್ 1ರಲ್ಲಿದ್ದಾಗ 26. ಪ್ರೋಗ್ರಾಮಿನ ಒಂದು ಅಕ್ಷರವೂ ಬದಲಾಗಿಲ್ಲ, ಡೇಟಾ ಅದೇ. ಸೇತುವೆ ದಾಟಿದ್ದಕ್ಕೇ ಆರು ನಿಮಿಷ! ಈ ಪದಗಳನ್ನೆಲ್ಲ ಇಷ್ಟು ದಿನ ಬರೀ ಹೆಸರು ಎಂದುಕೊಂಡಿದ್ದೆ.

ಈಗ ಒಂದು ಕೆಲಸವನ್ನು ನೋಡ್ 0ಕ್ಕೆ, ಇನ್ನೊಂದನ್ನು ನೋಡ್ 1ಕ್ಕೆ, ಮೆಮೊರಿ ಸಮೇತ ಕಟ್ಟಿದ್ದೇನೆ. ಸ್ಕ್ರಿಪ್ಟಿನಲ್ಲಿ 0, 16 ಎಂದು ನಂಬರ್ ಬರೆದುಬಿಟ್ಟರೆ ಮುಗಿಯಿತಲ್ಲ?

ಹಳೇ ಕನ್ಸೋಲ್:

ನಂಬರ್ ಬರೆಯಬೇಡಿ. 0ರ ಜೊತೆಗಾರ 32 ಆಗಿರುವುದು ನಿಮ್ಮ ಈ ಯಂತ್ರದಲ್ಲಿ. ಕೆಲವು ಯಂತ್ರಗಳಲ್ಲಿ 0 ಮತ್ತು 1 ಜೊತೆಗಾರರು. ವರ್ಚುವಲ್ ಯಂತ್ರದೊಳಗೆ ಇನ್ನೂ ಬೇರೆ. ಕ್ಲೌಡಿನಲ್ಲಿ ವಿಸಿಪಿಯು ಎಂದು ಕೊಡುವುದು ಇಂಟೆಲ್, ಎಎಂಡಿ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಒಂದು ಥ್ರೆಡ್ ಮಾತ್ರ. 8 ವಿಸಿಪಿಯು ಎಂದರೆ ಅಲ್ಲಿ ಹೆಚ್ಚಾಗಿ 4 ಕೋರ್. ಪ್ರತಿ ಸಲ ಶುರುವಾಗುವಾಗ ಸ್ಕ್ರಿಪ್ಟ್ ಆ ಥ್ರೆಡ್ ಸಿಬ್ಲಿಂಗ್ಸ್ ಫೈಲನ್ನೇ ಓದಲಿ. ಕಣ್ಣಿಗೆ ಚಿತ್ರ ಬೇಕಿದ್ದರೆ ಎಚ್‌ಡಬ್ಲ್ಯುಲಾಕ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ಅದರ ಎಲ್‌ಎಸ್‌ಟೋಪೊ ಆಜ್ಞೆ ಓಡಿಸಿ. ಚಿಪ್, ಕ್ಯಾಶ್, ಕೋರ್, ಥ್ರೆಡ್ ಎಲ್ಲವನ್ನೂ ಪೆಟ್ಟಿಗೆಯೊಳಗೆ ಪೆಟ್ಟಿಗೆ ಬರೆದು ತೋರಿಸುತ್ತದೆ. ನೆಟ್‌ವರ್ಕ್ ಕಾರ್ಡ್ ಯಾವ ನೋಡಿಗೆ ಸೇರಿದ್ದು ಎಂಬುದೂ ಅದರಲ್ಲಿ ಕಾಣುತ್ತದೆ.

ತುದಿಬೆರಳು:

ಸರಿ ಹೋಯಿತು. ಪರೀಕ್ಷೆಗೆ ಇಟ್ಟಿರುವ ಇನ್ನೊಂದು ಸರ್ವರಿನಲ್ಲಿ ನೋಡಿದೆ, ಅಲ್ಲಿ ನಿಜಕ್ಕೂ "0-1" ಎಂದಿದೆ. ನಂಬರ್ ಬರೆದಿದ್ದ ಸಾಲುಗಳನ್ನು ಅಳಿಸಿ, ಫೈಲ್ ಓದುವ ಹಾಗೆ ಸ್ಕ್ರಿಪ್ಟ್ ತಿದ್ದಿದ್ದೇನೆ. ಎಲ್‌ಎಸ್‌ಟೋಪೊ ಚಿತ್ರವನ್ನು ಮುದ್ರಿಸಿ ಮೇಜಿನ ಎದುರಿಗೆ ಅಂಟಿಸಿದ್ದೇನೆ. ನಮ್ಮ ನೆಟ್‌ವರ್ಕ್ ಕಾರ್ಡ್ ನೋಡ್ 1ರಲ್ಲಿದೆ, ಅದನ್ನು ಬಳಸುವ ಪ್ರೋಗ್ರಾಮನ್ನು ನೋಡ್ 0ಕ್ಕೆ ಕಟ್ಟಿದ್ದೆ. ಇವತ್ತು ರಾತ್ರಿ ಅದನ್ನು ಜರುಗಿಸುತ್ತೇನೆ.